ಕೂಸು ಹುಟ್ಟುವ ಮೊದಲೇ ಕುಲಾವಿ

'ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದರಂತೆ' ಎಂಬ ಗಾದೆಯನ್ನು ನಮ್ಮ ಹಿರಿಯರು ಆತುರಗಾರರನ್ನು ಹಾಸ್ಯಮಾಡಲು ಬಳಸುತ್ತ ಬಂದಿದ್ದಾರೆ. ಕಬ್ಬು ಕಡಿಯುವ ಮೊದಲೇ ಅದರ ಹಣಕ್ಕೆ ಲೆಕ್ಕ ಬರೆಯುವವನಿಗೆ ಈ ಗಾದೆ ಸರಿಯಾಗಿಯೇ ಸಲ್ಲುತ್ತದೆ. ಆದರೆ ಹೆರಿಗೆಯ ವಿಷಯದಲ್ಲಿ ಮಾತ್ರ ಇದನ್ನು ತಿರುವಿ ಓದಬೇಕೆಂದು ನಮ್ಮ ವೃತ್ತಿಜೀವನ ನಮಗೆ ಕಲಿಸಿದೆ. ಹಸುಗೂಸಿನ ಮೈಯಲ್ಲಿ ತಲೆಯ ಪಾಲು ದೊಡ್ಡದು. ಅದನ್ನು ತೆರೆದಿಟ್ಟರೆ ಮೈಯ ಬಿಸಿ ಬೇಗನೆ ಆರಿಹೋಗುತ್ತದೆ. ಹುಟ್ಟಿದ ಗಳಿಗೆಯಲ್ಲೇ ಬೇಕಾಗುವ ಕುಲಾವಿಯನ್ನು ಹುಟ್ಟಿದ ಮೇಲೆ ಹೊಲಿಸಲು ಹೊರಟರೆ ಆಗುವುದೇನು? ಆದುದರಿಂದ ಈ ಸಂಚಿಕೆಯಲ್ಲಿ ಗರ್ಭಿಣಿಯು ಆಸ್ಪತ್ರೆಗೆ ಒಯ್ಯಬೇಕಾದ ಚೀಲವನ್ನು ಕುರಿತು ಬರೆಯುತ್ತಿದ್ದೇವೆ. ವಿಷಯ ಸಣ್ಣದೆಂದು ತೋರಬಹುದು. ಸಣ್ಣದಲ್ಲ ಎಂಬುದನ್ನು ನಾವು ಒಂದು ರಾತ್ರಿಯಿಂದ ಅರಿತೆವು.

ಬೀರುವಿನಲ್ಲಿ ಉಳಿದ ಕಾರ್ಡು

ಕೆಲವು ವರ್ಷಗಳ ಹಿಂದಿನ ಮಾತು. ನಾಗಮಂಗಲ ತಾಲ್ಲೂಕಿನ ಹಳ್ಳಿಯೊಂದರ ಸೊಸೆ, ಚೊಚ್ಚಲ ಬಸಿರಿ, ಅತ್ತೆಯವರೊಡನೆ ನಮ್ಮಲ್ಲಿಗೆ ಬಂದಿದ್ದರು. ಆಹಾರದ ವಿಷಯವಾಗಿ ಸಲಹೆ ಬೇಕಾಗಿತ್ತು. ಅವರ ತಾಯಿ ಕಾರ್ಡನ್ನು ಬಿಡಿಸಿ ನೋಡಿದೆವು. ರಕ್ತದ ಗುಂಪು ಓ ನೆಗೆಟಿವ್ ಎಂದು ಬರೆದಿತ್ತು. ಕಾರ್ಡನ್ನು ಮಡಿಸಿ ಹಿಂದಿರುಗಿಸಿ, ಪಥ್ಯವನ್ನು ತಿಳಿಸಿ ಕಳುಹಿಸಿದೆವು. ಸೀಮಂತವಾದ ಮೇಲೆ ಪದ್ಧತಿಯಂತೆ ತವರಿನವರು ಮಗಳನ್ನು ಕೆ.ಆರ್. ಪೇಟೆ ತಾಲ್ಲೂಕಿನ ತಮ್ಮ ಊರಿಗೆ ಕರೆದೊಯ್ದರು. ಜೊತೆಗೆ ಎರಡು ದೊಡ್ಡ ಚೀಲಗಳು ಹೋದವು. ಅವುಗಳಲ್ಲಿ ಹೊಸ ಸೀರೆಗಳಿದ್ದವು, ಬೆಳ್ಳಿಯ ಬಟ್ಟಲಿತ್ತು, ಕೂಸಿಗೆಂದು ಕೊಂಡ ಜರಿಯಂಚಿನ ಅಂಗಿಯಿತ್ತು. ಕಾರ್ಡು ಇರಲಿಲ್ಲ. ಬೆಲೆಬಾಳುವ ಕಾಗದವೆಂದು ಮಾವನವರು ಅದನ್ನು ಜಮೀನಿನ ಪತ್ರಗಳೊಡನೆ ಬೀರುವಿನಲ್ಲಿ ಭದ್ರವಾಗಿ ಇಟ್ಟಿದ್ದರು.

ಹೆರಿಗೆಯಾದದ್ದು ನಡುರಾತ್ರಿಯಲ್ಲಿ. ಮಗು ಚೆನ್ನಾಗಿಯೇ ಇತ್ತು. ತಾಯಿಗೆ ರಕ್ತಸ್ರಾವ ನಿಲ್ಲಲಿಲ್ಲ. ದೊಡ್ಡ ಆಸ್ಪತ್ರೆಗೆ ಕಳುಹಿಸಿದರು. ಅಲ್ಲಿ ರಕ್ತ ಪರೀಕ್ಷಿಸಿದ ಮೇಲೆಯೇ, ಬೇಕಾದದ್ದು ಅಪರೂಪದ ಗುಂಪಿನ ರಕ್ತವೆಂದು ತವರಿನವರಿಗೆ ಮೊದಲ ಬಾರಿಗೆ ತಿಳಿಯಿತು. ಇದ್ದಷ್ಟನ್ನು ಆಸ್ಪತ್ರೆಯವರು ಕೊಟ್ಟರು, ಇನ್ನೂ ಬೇಕಾಗಿತ್ತು. ಅಣ್ಣ ಮತ್ತು ಸೋದರಮಾವ ಬೆಳಗಿನವರೆಗೆ ಕಂಡಕಂಡವರಿಗೆ ಫೋನು ಮಾಡಿದರು. ಬೆಳಗಾದ ಮೇಲೆ ತಿಳಿದುದೇನೆಂದರೆ, ಅದೇ ಗುಂಪಿನ ರಕ್ತವುಳ್ಳ ಇಬ್ಬರು ತವರೂರಿನಲ್ಲೇ, ಅದೇ ಬೀದಿಯಲ್ಲೇ ಇದ್ದರು. ಮೊದಲೇ ಒಂದು ಮಾತು ಹೇಳಿದ್ದರೆ ಆ ರಾತ್ರಿಯೇ ಜೊತೆಯಲ್ಲಿ ಹೊರಟು ಬರುತ್ತಿದ್ದರು. ಶಿವನ ದಯೆಯಿಂದಲೂ ವೈದ್ಯರ ಶ್ರಮದಿಂದಲೂ ಆ ತಾಯಿ ಉಳಿದರು. ಹೊತ್ತು ಏರಿದ ಮೇಲೆ ಮಾವನವರು ಬೈಕಿನಲ್ಲಿ ಕಾರ್ಡನ್ನು ತಂದರು. ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ್ದ ಅದರ ಮೇಲೆ ಒಂದು ಸುಕ್ಕೂ ಇರಲಿಲ್ಲ.

ಮನೆಯವರನ್ನು ದೂರಲು ನಮಗೆ ಬಾಯಿಲ್ಲ. ಆ ಕಾರ್ಡನ್ನು ಓದಿ ಅರ್ಥಮಾಡಿಕೊಂಡವರು ನಾವು. 'ಇದನ್ನು ಎಲ್ಲಿ ಇಡುತ್ತೀರಿ? ಹೆರಿಗೆ ಎಲ್ಲಿ? ಈ ಗುಂಪಿನವರು ಅಲ್ಲಿ ಯಾರಿದ್ದಾರೆ?' ಎಂಬ ಮೂರು ಪ್ರಶ್ನೆಗಳನ್ನು ಕೇಳದೆ ಕಳುಹಿಸಿದವರೂ ನಾವೇ. ಅಂದಿನಿಂದ ನಮ್ಮಲ್ಲಿಗೆ ಬರುವ ಪ್ರತಿಯೊಬ್ಬ ಗರ್ಭಿಣಿಗೂ ಪಥ್ಯಕ್ಕಿಂತ ಮೊದಲು ಆ ಮೂರು ಪ್ರಶ್ನೆಗಳನ್ನು ಕೇಳುತ್ತಿದ್ದೇವೆ.

ಚರಕರು ಹೇಳಿದ ಸಿದ್ಧತೆ

ಮೊದಲೇ ಸಿದ್ಧವಾಗುವುದು ಅಪಶಕುನವೆಂದು ಭಾವಿಸುವವರು ಇಂದಿಗೂ ಇದ್ದಾರೆ. ಅಂಥವರಿಗೆ ನಾವು ಚರಕಸಂಹಿತೆಯನ್ನು ನೆನಪಿಸುತ್ತೇವೆ. ಶಾರೀರಸ್ಥಾನದ 8ನೆಯ ಅಧ್ಯಾಯದಲ್ಲಿ, ಒಂಬತ್ತನೆಯ ತಿಂಗಳಿಗೆ ಮೊದಲೇ ಸೂತಿಕಾಗಾರವನ್ನು, ಎಂದರೆ ಹೆರಿಗೆಯ ಮನೆಯನ್ನು, ಕಟ್ಟಿಸಬೇಕೆಂಬ ವಿಧಿಯಿದೆ. ಅಲ್ಲಿ ನೀರು, ಬೆಂಕಿ, ಸ್ನಾನದ ಸ್ಥಳ, ಶೌಚದ ಸ್ಥಳ, ಅಡುಗೆಯ ಸ್ಥಳ ಎಲ್ಲವೂ ಇರಬೇಕು. ತುಪ್ಪ, ಎಣ್ಣೆ, ಸೈಂಧವ ಲವಣ, ಶುಂಠಿ, ಹಿಪ್ಪಲಿ, ಇಂಗು, ಬೆಳ್ಳುಳ್ಳಿ ಮೊದಲಾದವುಗಳೂ, ಸೂಜಿಗಳೂ, ಹರಿತವಾದ ಉಕ್ಕಿನ ಶಸ್ತ್ರಗಳೂ ಮುಂಚಿತವಾಗಿ ಕೂಡಿಸಿಟ್ಟಿರಬೇಕು. ಇವೆಲ್ಲಕ್ಕೂ ಮಿಗಿಲಾಗಿ, ಹಲವು ಬಾರಿ ಹೆತ್ತು ಅನುಭವವುಳ್ಳ, ಗರ್ಭಿಣಿಯಲ್ಲಿ ಪ್ರೀತಿಯಿರುವ ಸ್ತ್ರೀಯರು ಜೊತೆಗಿರಬೇಕೆಂದು ಆಚಾರ್ಯರು ಹೇಳಿದ್ದಾರೆ.

ಇಂದು ಆ ಮನೆಯ ಸ್ಥಾನದಲ್ಲಿ ಆಸ್ಪತ್ರೆಯಿದೆ. ಶಸ್ತ್ರ, ಔಷಧ, ನೀರು, ಬೆಳಕುಗಳ ಹೊಣೆ ಅಲ್ಲಿನವರದು. 2011ರಿಂದ ಜಾರಿಯಲ್ಲಿರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ಪರೀಕ್ಷೆ, ರಕ್ತ, ಊಟ, ವಾಹನ ಇವೆಲ್ಲವೂ ಉಚಿತ. ಆದರೆ ಎರಡು ವಸ್ತುಗಳನ್ನು ಯಾವ ಆಸ್ಪತ್ರೆಯೂ ಕೊಡಲಾರದು: ಆ ತಾಯಿಯ ಒಂಬತ್ತು ತಿಂಗಳ ವೃತ್ತಾಂತ, ಮತ್ತು ಆಕೆಯ ಬಳಿ ನಿಲ್ಲುವ ಸ್ವಂತ ಜನ. ಚೀಲದ ಸಿದ್ಧತೆ ಈ ಎರಡರಿಂದಲೇ ಆರಂಭವಾಗಬೇಕು. ಬಟ್ಟೆಬರೆ ಆಮೇಲಿನ ಮಾತು.

ಮೊದಲು ಕಾಗದ, ಜೊತೆಗೆ ಜನ

ನೀರು ತಾಗದ ಒಂದು ಚಿಕ್ಕ ಚೀಲದಲ್ಲಿ ತಾಯಿ ಕಾರ್ಡ್, ಸ್ಕ್ಯಾನಿಂಗ್ ವರದಿಗಳು, ರಕ್ತ-ಮೂತ್ರ ಪರೀಕ್ಷೆಯ ಚೀಟಿಗಳು, ಸೇವಿಸುತ್ತಿರುವ ಔಷಧಗಳ ಚೀಟಿ, ಹಿಂದೆ ಸಿಸೇರಿಯನ್ ಆಗಿದ್ದರೆ ಅದರ ಬಿಡುಗಡೆ ಪತ್ರ, ಇವಿಷ್ಟೂ ಒಂದೆಡೆ ಇರಲಿ. ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪಾಸ್‌ಪುಸ್ತಕ ಇವುಗಳ ಎರಡೆರಡು ನಕಲು ಪ್ರತಿಗಳೂ ಇರಲಿ. ಸರ್ಕಾರದ ಸಹಾಯಧನಗಳಿಗೆ ಅವು ಬೇಕಾಗುತ್ತವೆ. ಗಂಡನ ಮನೆಯಿಂದ ತವರಿಗೆ ಹೊರಡುವ ದಿನ, ಅರಿಶಿನ ಕುಂಕುಮ ಮಡಿಲಿಗೆ ಬೀಳುವ ಮೊದಲೇ, ಈ ಚೀಲ ಗರ್ಭಿಣಿಯ ಕೈ ಸೇರಿರಬೇಕು. ತವರೂರನ್ನು ತಲುಪಿದೊಡನೆ ಅಲ್ಲಿನ ಆಶಾ ಕಾರ್ಯಕರ್ತೆಯವರಿಗೆ ಕಾರ್ಡನ್ನು ತೋರಿಸಬೇಕು.

ರಕ್ತದ ಗುಂಪನ್ನು ದೊಡ್ಡ ಅಕ್ಷರಗಳಲ್ಲಿ ಬರೆದು ಮನೆಯ ಗೋಡೆಗೆ ಅಂಟಿಸಿರಿ. ಆಸ್ಪತ್ರೆಯವರು ಹೇಗೂ ಮತ್ತೊಮ್ಮೆ ಪರೀಕ್ಷಿಸುತ್ತಾರೆ. ಆದರೆ ದಾನಿಗಳನ್ನು ಹಗಲಿನಲ್ಲೇ ಗೊತ್ತುಮಾಡಿಕೊಳ್ಳಲು ಇದರಿಂದ ಅನುಕೂಲವಾಗುತ್ತದೆ. ಗುಂಪು ನೆಗೆಟಿವ್ ಆಗಿದ್ದು, ಹುಟ್ಟಿದ ಮಗುವಿನದು ಪಾಸಿಟಿವ್ ಆಗಿದ್ದರೆ, ತಾಯಿಗೆ 72 ಗಂಟೆಗಳೊಳಗೆ ಆಂಟಿ-ಡಿ ಚುಚ್ಚುಮದ್ದು ಕೊಡಿಸಬೇಕು. ಮುಂದಿನ ಗರ್ಭವನ್ನು ಕಾಯುವ ಚುಚ್ಚುಮದ್ದು ಅದು. ಆ ಮಾತನ್ನು ನೀವೇ ನೆನಪಿಟ್ಟು ಕೇಳಿರಿ.

ಜೊತೆಗೆ ಹೋಗುವವರನ್ನೂ ಮೊದಲೇ ನಿಶ್ಚಯಿಸಿರಿ. ಟ್ರ್ಯಾಕ್ಟರ್ ತುಂಬ ಬಂಧುಗಳು ಬೇಡ. ಹೆತ್ತ ಅನುಭವವಿದ್ದು ಗಾಬರಿಗೊಳ್ಳದ ಒಬ್ಬ ತಾಯಿ, ಓಡಾಡಬಲ್ಲ ಒಬ್ಬ ಯುವಕ, ಬೇಕಾದರೆ ರಕ್ತ ಕೊಡಬಲ್ಲ ಇಬ್ಬರ ಫೋನ್ ಸಂಖ್ಯೆ, ಇಷ್ಟು ಸಾಕು.

ತಾಯಿಯ ಗಂಟು, ಕೂಸಿನ ಗಂಟು

ತಾಯಿಗೆ ಮುಂಭಾಗದಲ್ಲಿ ಗುಂಡಿಯಿರುವ, ಹಾಲೂಡಿಸಲು ಅನುಕೂಲವಾದ ಸಡಿಲ ನೈಟಿಗಳು ಮೂರು ನಾಲ್ಕು, ಹತ್ತಿಯ ಒಳ ಉಡುಪುಗಳು, ದೊಡ್ಡ ಗಾತ್ರದ ಪ್ಯಾಡುಗಳು, ಟವೆಲ್, ಸಾಬೂನು, ಬಾಚಣಿಗೆ, ಜಾರದ ಚಪ್ಪಲಿ, ಹೊದಿಕೆ. ತಟ್ಟೆ, ಲೋಟ, ಚಮಚ, ಬಿಸಿನೀರಿಗೆ ಫ್ಲಾಸ್ಕ್. ಫೋನಿನ ಚಾರ್ಜರ್ ಮತ್ತು ಸ್ವಲ್ಪ ಚಿಲ್ಲರೆ ಹಣ. ಒಡವೆಗಳು ಮನೆಯಲ್ಲೇ ಇರಲಿ. ಸೀಮಂತದಲ್ಲಿ ತೊಡಿಸಿದ ಗಾಜಿನ ಬಳೆಗಳನ್ನು ಹೊರಡುವ ಮೊದಲೇ ತೆಗೆಯುವುದು ಲೇಸು. ಒಡೆದರೆ ತಾಯಿಗೂ ಕೂಸಿಗೂ ಗಾಯ. ಉಗುರಿನ ಬಣ್ಣವನ್ನೂ ಅಳಿಸಿರಿ. ರಕ್ತದಲ್ಲಿನ ಆಮ್ಲಜನಕವನ್ನು ಬೆರಳ ತುದಿಯಲ್ಲಿ ಅಳೆಯುವ ಉಪಕರಣಕ್ಕೆ ಅದು ಅಡ್ಡಿ.

ಕೂಸಿಗೆ ಎರಡು ಮೂರು ಕುಲಾವಿಗಳು, ಕಾಲುಚೀಲಗಳು, ಮುಂದೆ ಕಟ್ಟುವ ಹತ್ತಿಯ ಅಂಗಿಗಳು, ಬೆಚ್ಚನೆಯ ಹೊದಿಕೆ. ಅಜ್ಜನ ಹಳೆಯ ಪಂಚೆ, ಅಜ್ಜಿಯ ಹಳೆಯ ಹತ್ತಿಸೀರೆಗಳನ್ನು ಹರಿದು ಮಾಡಿದ ಬಟ್ಟೆಗಳೇ ಹಸುಗೂಸಿಗೆ ಹಿತ ಎಂಬ ನಮ್ಮವರ ಅನುಭವ ಸರಿಯಾದುದು. ಅನೇಕ ಒಗೆತಗಳಿಂದ ಅವು ಮೃದುವಾಗಿರುತ್ತವೆ. ಆದರೆ ಅವುಗಳನ್ನು ಕುದಿಯುವ ನೀರಿನಲ್ಲಿ ಒಗೆದು, ಚುರುಕು ಬಿಸಿಲಿನಲ್ಲಿ ಒಣಗಿಸಿ, ಶುಭ್ರವಾದ ಬಟ್ಟೆಯಲ್ಲಿ ಕಟ್ಟಿ ಬೇರೆಯಾಗಿಯೇ ಇಡಬೇಕು. ಒಂದು ಎಚ್ಚರಿಕೆ: ಮೊದಲ ಮಗುವಿನ ಬಟ್ಟೆಗಳನ್ನು ಟ್ರಂಕಿನಲ್ಲಿ ನುಸಿಗುಳಿಗೆಯೊಡನೆ ಇಟ್ಟಿದ್ದು, ಹಾಗೆಯೇ ತೆಗೆದು ಹಸುಗೂಸಿಗೆ ತೊಡಿಸಬಾರದು. ಆ ಗುಳಿಗೆಯ ವಾಸನೆಯಿಂದ ಕೆಲವು ಶಿಶುಗಳಲ್ಲಿ ರಕ್ತಕಣಗಳು ಒಡೆದು ತೀವ್ರ ಕಾಮಾಲೆ ಉಂಟಾಗುತ್ತದೆ.

ಚೀಲದಲ್ಲಿ ಇರಬಾರದವು

ಹಾಲಿನ ಬಾಟಲಿ, ಸಕ್ಕರೆ, ಗ್ರೈಪ್ ವಾಟರ್, ಕಾಡಿಗೆ, ಪೌಡರ್ ಇವು ಬೇಡ. ಜೇನುತುಪ್ಪವೂ ಬೇಡ. ಆಯುರ್ವೇದದ ವೈದ್ಯರಾಗಿ ಹೀಗೆ ಹೇಳುತ್ತೀರಲ್ಲ ಎಂದು ಕೇಳುವವರಿದ್ದಾರೆ. ನವಜಾತ ಶಿಶುವಿಗೆ ಜೇನು ತುಪ್ಪಗಳನ್ನು ನೆಕ್ಕಿಸುವ ಉಲ್ಲೇಖ ನಮ್ಮ ಗ್ರಂಥಗಳಲ್ಲಿ ಇರುವುದು ನಿಜ. ಆದರೆ ಜೇನಿನಲ್ಲಿ ಅಡಗಿರಬಹುದಾದ ಸೂಕ್ಷ್ಮಜೀವಿಯೊಂದು ಒಂದು ವರ್ಷದೊಳಗಿನ ಮಗುವಿನ ಕರುಳಿನಲ್ಲಿ ಬೆಳೆದು ನರಗಳನ್ನು ಸೋಲಿಸಬಲ್ಲದೆಂದು ಈಗ ತಿಳಿದಿದೆ. ತಿಳಿದ ಮೇಲೂ ಮಾಡುವುದು ಶಾಸ್ತ್ರನಿಷ್ಠೆಯಲ್ಲ. ಹುಟ್ಟಿದ ಒಂದು ಗಂಟೆಯೊಳಗೆ ತಾಯಿಯ ಮೊದಲ ಹಾಲು, ಆರು ತಿಂಗಳವರೆಗೆ ಎದೆಹಾಲು ಮಾತ್ರ: ಇದೇ ಕೂಸಿನ ಅಮೃತ.

ನೋವು ಬೇಗ ಬರಲೆಂದು ಹರಳೆಣ್ಣೆ, ಕಷಾಯಗಳನ್ನು ಕುಡಿಸಿ ಕರೆತರುವುದೂ ಸಲ್ಲದು. ಬಾಣಂತಿ ಲೇಹ್ಯ, ದಶಮೂಲಾರಿಷ್ಟಗಳು ಮನೆಯಲ್ಲೇ ಇರಲಿ. ಹೆರಿಗೆ ಮಾಡಿಸಿದ ವೈದ್ಯರಿಗೆ ತಿಳಿಸಿ ಅನಂತರ ಆರಂಭಿಸಬಹುದು.

ಇಷ್ಟಲಿಂಗ ಮತ್ತು ವಿಭೂತಿ

ಭಕ್ತರು ಸಂಕೋಚದಿಂದ ಕೇಳುವ ಪ್ರಶ್ನೆಯಿದು. ಶರಣಧರ್ಮವು ಜನನಸೂತಕವೂ ಸೇರಿದಂತೆ ಪಂಚಸೂತಕಗಳನ್ನು ಒಪ್ಪುವುದಿಲ್ಲ; ಆದುದರಿಂದ ಹೆರಿಗೆಯ ಕಾರಣಕ್ಕೆ ಮೈಲಿಗೆಯೆಂದು ಇಷ್ಟಲಿಂಗವನ್ನು ತೆಗೆದಿಡಬೇಕಾಗಿಲ್ಲ. ಆದರೆ ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ಮೈಮೇಲೆ ಲೋಹ ಮತ್ತು ದಾರ ಇರಕೂಡದೆಂಬ ನಿಯಮ ಬೇರೆಯ ಕಾರಣದ್ದು, ಅದನ್ನು ಪಾಲಿಸಲೇಬೇಕು. ಶುಭ್ರವಾದ ಒಂದು ಪುಟ್ಟ ವಸ್ತ್ರವನ್ನು ಚೀಲದಲ್ಲಿ ಇಟ್ಟಿರಿ. ಲಿಂಗವನ್ನು ಅದರಲ್ಲಿ ಸುತ್ತಿ, ಲಿಂಗಧಾರಿಗಳಾದ ಹಿರಿಯರೊಬ್ಬರ ಕೈಗೆ ಒಪ್ಪಿಸಿ, ಹೊರಬಂದೊಡನೆ ಮರಳಿ ಧರಿಸಬಹುದು. ಮನಸ್ಸಿಗೆ ಅಳುಕಿರುವವರು ಮೊದಲೇ ತಮ್ಮ ಗುರುಗಳ ಅಪ್ಪಣೆಯನ್ನು ಪಡೆದಿರಲಿ. ಕೂಸಿಗೆ ಲಿಂಗಧಾರಣೆ ಮಾಡಿಸುವವರು ಶಿವದಾರವನ್ನು ಎಳೆಯ ಕೊರಳಿನಲ್ಲಿ ಬಿಡಬಾರದು. ನಿದ್ರೆಯಲ್ಲಿ ಬಿಗಿದುಕೊಳ್ಳುವ ಅಪಾಯವಿದೆ. ಸಂಸ್ಕಾರವಾದ ಮೇಲೆ ತಾಯಿಯೇ ಅದನ್ನು ಕಾಪಾಡಲಿ. ವಿಭೂತಿ ತಾಯಿಯ ಹಣೆಗೆ ಇರಲಿ. ಕೂಸಿನ ಹೊಕ್ಕುಳಿಗೆ ವಿಭೂತಿ, ಅರಿಶಿನ, ಎಣ್ಣೆ ಯಾವುದನ್ನೂ ಹಚ್ಚದಿರಿ. ಹೊಕ್ಕುಳಬಳ್ಳಿ ತಾನಾಗಿ ಒಣಗಿ ಉದುರಬೇಕು.

ದಾರಿಯೂ ಸಿದ್ಧತೆಯ ಭಾಗ

ಶ್ರೀರಂಗಪಟ್ಟಣದವರಿಗೆ ಮೈಸೂರಿನ ಚೆಲುವಾಂಬ ಆಸ್ಪತ್ರೆ ಸಮೀಪ. ಪಾಂಡವಪುರದವರು ಮಂಡ್ಯಕ್ಕೂ ಮೈಸೂರಿಗೂ ಹೋಗಬಲ್ಲರು. ನಾಗಮಂಗಲದ ಉತ್ತರ ಭಾಗದವರಿಗೆ ಬಿ.ಜಿ. ನಗರದ ಆದಿಚುಂಚನಗಿರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಹತ್ತಿರ. ಕೆ.ಆರ್. ಪೇಟೆಯ ಗಡಿಯ ಹಳ್ಳಿಗಳವರಿಗೆ ದೊಡ್ಡ ಆಸ್ಪತ್ರೆ ಯಾವ ದಿಕ್ಕಿನಲ್ಲಿ ಹೋದರೂ ದೂರವೇ. ತಾಲ್ಲೂಕು ಆಸ್ಪತ್ರೆಯಿಂದ ಮುಂದಕ್ಕೆ ಕಳುಹಿಸಿದರೆ ಎಲ್ಲಿಗೆ ಎಂಬುದನ್ನು ಎಂಟನೆಯ ತಿಂಗಳಲ್ಲೇ ಕೇಳಿಟ್ಟುಕೊಳ್ಳಿರಿ. ಕಬ್ಬು ಅರೆಯುವ ಕಾಲದಲ್ಲಿ ಗಾಡಿ ಟ್ರ್ಯಾಕ್ಟರುಗಳ ಸಾಲು, ಮೇಲುಕೋಟೆಯ ವೈರಮುಡಿಯ ರಾತ್ರಿ ಜನಸಂದಣಿ, ಇವನ್ನೂ ಲೆಕ್ಕಕ್ಕೆ ಹಿಡಿಯಬೇಕು. 2008ರಿಂದ ನಮ್ಮ ರಾಜ್ಯದಲ್ಲಿರುವ 108ರ ಆರೋಗ್ಯ ಕವಚ ವಾಹನಕ್ಕೆ ಕರೆಮಾಡುವಾಗ ಊರಿನ ಹೆಸರಿನೊಡನೆ ಹತ್ತಿರದ ದೇವಸ್ಥಾನ, ಶಾಲೆ, ನಾಲೆಯ ಸೇತುವೆ ಯಾವುದಾದರೊಂದು ಗುರುತನ್ನೂ ಹೇಳಿರಿ.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಮಾತು. ರಕ್ತ ಕಂಡರೆ, ನೀರು ಒಡೆದರೆ, ಕಣ್ಣು ಮಂಜಾಗಿ ತಲೆನೋವು ತೀವ್ರವಾದರೆ, ಫಿಟ್ಸ್ ಬಂದರೆ, ಕೂಸಿನ ಮಿಸುಕಾಟ ಕಡಿಮೆಯಾದರೆ, ಆ ಕ್ಷಣವೇ ಹೊರಡಬೇಕು. ಆಗ ಚೀಲ ಕೈಗೆ ಸಿಗದಿದ್ದರೆ ಬಿಟ್ಟು ಹೊರಡಿರಿ. ಬಟ್ಟೆಯನ್ನು ಆಮೇಲೆ ತರಬಹುದು, ಹೊತ್ತನ್ನು ತರಲಾಗದು. ಕಾಗದದ ಚಿಕ್ಕ ಚೀಲ ಬಾಗಿಲ ಬಳಿಯ ಮೊಳೆಗೆ ಸದಾ ತೂಗುತ್ತಿರಲಿ ಎಂದು ನಾವು ಹೇಳುವುದು ಇದಕ್ಕಾಗಿಯೇ.

ಅಂದು ಬೈಕಿನಲ್ಲಿ ಕಾರ್ಡನ್ನು ತಂದ ಆ ಮಾವನವರು ಸೊಸೆಯ ಎರಡನೆಯ ಬಸಿರಿನಲ್ಲಿಯೂ ನಮ್ಮಲ್ಲಿಗೆ ಬಂದರು. ನಾವು ಕೇಳುವ ಮೊದಲೇ ಅಂಗಿಯ ಒಳಜೇಬಿನಿಂದ ಒಂದು ಚೀಟಿಯನ್ನು ತೆಗೆದು ಮುಂದಿಟ್ಟರು. ತವರೂರಿನ ಆ ಇಬ್ಬರ ಹೆಸರು ಮತ್ತು ಫೋನ್ ಸಂಖ್ಯೆ ಅದರಲ್ಲಿ ಬರೆದಿತ್ತು.