ಆಯ ಹೋಯಿತು, ಗಿರಾಕಿ ಎಲ್ಲಿ?

ಸಂಬಳದ ನೌಕರಿ ಇಲ್ಲದೆ, ತನ್ನ ಕಸುಬನ್ನೇ ನಂಬಿ ಬದುಕುವವನನ್ನು ಇಂಗ್ಲಿಷಿನಲ್ಲಿ ‘ಫ್ರೀಲಾನ್ಸರ್’ ಎನ್ನುತ್ತಾರೆ. ಈ ಮಾತಿನ ಮೂಲವನ್ನು ಹುಡುಕುವವರು ಸಾಮಾನ್ಯವಾಗಿ ಹೋಗಿ ನಿಲ್ಲುವುದು ವಾಲ್ಟರ್ ಸ್ಕಾಟ್‌ನ ‘ಐವಾನ್‌ಹೋ’ ಕಾದಂಬರಿಯಲ್ಲಿ. ಅಲ್ಲಿ ಅದು ಕೂಲಿಗಾಗಿ ಕಾದುವ ಈಟಿಯಾಳು. ಕನ್ನಡ ಪತ್ರಿಕೆಗಳು ಇಂಥವರನ್ನು ‘ಹವ್ಯಾಸಿ’ ಎಂದು ಕರೆಯುವುದುಂಟು. ಹೊಟ್ಟೆಪಾಡನ್ನು ಹವ್ಯಾಸ ಎನ್ನುವುದು ಸ್ವಲ್ಪ ಕ್ರೂರವೇ ಸರಿ. ಆದರೆ ಒಪ್ಪುವ ಪದ ಹುಟ್ಟದಿರುವುದಕ್ಕೆ ಕಾರಣವೂ ಇದ್ದೀತು: ನಮ್ಮ ಹಳ್ಳಿಯ ಕಸುಬುದಾರನಿಗೆ ಗಿರಾಕಿಯನ್ನು ಹುಡುಕಬೇಕಾದ ಪ್ರಮೇಯವೇ ಬಹುಕಾಲ ಇರಲಿಲ್ಲ.

ಕತೆಗಾರ, ವೈದ್ಯ ಬೆಸಗರಹಳ್ಳಿ ರಾಮಣ್ಣ ಅವರ ಹೆಸರಿನೊಡನೆ ನಾಡಿಗೆ ಪರಿಚಿತವಾದ ಬೆಸಗರಹಳ್ಳಿ ಇರುವುದು ಮದ್ದೂರು ತಾಲ್ಲೂಕಿನಲ್ಲಿ. ಈ ಹಳೆ ಮೈಸೂರು ಸೀಮೆಯ ಹಳ್ಳಿಗಾಡನ್ನು ನಡೆಸುತ್ತಿದ್ದುದು ಆಯದ ಪದ್ಧತಿ. ಕಮ್ಮಾರ, ಬಡಗಿ, ಅಗಸ, ಕ್ಷೌರಿಕ, ಕುಂಬಾರ ಮೊದಲಾದವರು ವರ್ಷವಿಡೀ ಒಕ್ಕಲು ಮನೆಗಳ ಕೆಲಸ ಮಾಡಬೇಕು; ಸುಗ್ಗಿಯಲ್ಲಿ ಕಣಕ್ಕೆ ಹೋದರೆ ರಾಗಿಯೋ ಭತ್ತವೋ ಅವರ ಪಾಲಿಗೆ ಸಿಗಬೇಕು. ಚೌಕಾಸಿಗೆ ಎಡೆಯಿಲ್ಲ. ಒಬ್ಬನ ಮನೆಗಳಿಗೆ ಇನ್ನೊಬ್ಬ ಕೈಹಾಕುವಂತಿಲ್ಲ. ಅಣ್ಣತಮ್ಮಂದಿರು ಬೇರೆಯಾದರೆ ಪಾತ್ರೆಪಗಡಗಳಂತೆ ಆಯದ ಮನೆಗಳೂ ಪಾಲಾಗುತ್ತಿದ್ದವು. ಹೊಸ ಗಿರಾಕಿ ಹುಟ್ಟುತ್ತಿದ್ದುದು ರೈತನ ಮನೆ ಹಿಸ್ಸೆಯಾಗಿ ಎರಡು ಒಲೆ ಉರಿದಾಗ ಮಾತ್ರ! ಇಂಥದೇ ಏರ್ಪಾಡನ್ನು ಉತ್ತರ ಭಾರತದಲ್ಲಿ ಕಂಡ ವಿಲಿಯಂ ವೈಸರ್ 1936ರಲ್ಲಿ ಅದಕ್ಕೆ ‘ಜಜಮಾನಿ ಪದ್ಧತಿ’ ಎಂದು ಹೆಸರಿಟ್ಟು ಪುಸ್ತಕ ಬರೆದರು.

ಇದನ್ನು ಸುವರ್ಣಯುಗವೆಂದು ಹಾಡಿ ಹೊಗಳಬೇಕಾಗಿಲ್ಲ. ಕಣದಲ್ಲಿ ಕೈಯೊಡ್ಡಿ ನಿಲ್ಲುವ ಸಂಕಟ ನಿಂತವನಿಗೇ ಗೊತ್ತು. ‘ಹಳೆಮಕ್ಕಳು’ ಎನಿಸಿಕೊಂಡು ತಲೆಮಾರುಗಳಿಂದ ಒಂದೇ ಮನೆತನಕ್ಕೆ ದುಡಿದ ದಲಿತ ಕುಟುಂಬಗಳಿಗಂತೂ ಈ ನಂಟು ಕೊರಳಿಗೆ ಬಿದ್ದ ಹಗ್ಗವೇ ಆಗಿತ್ತು. ಬರಗಾಲದಲ್ಲಿ ಒಂದು ಹಿಡಿ ಕಾಳಿನ ಭರವಸೆ ಇತ್ತೆಂಬುದೂ ನಿಜ.

ಈ ಗಂಟು ಸಡಿಲವಾದ ಬಗೆಗೆ ಮಂಡ್ಯ ಜಿಲ್ಲೆಯೇ ಒಳ್ಳೆಯ ಸಾಕ್ಷಿ. ಕನ್ನಂಬಾಡಿ ಕಟ್ಟೆಯ ನೀರು ನಾಲೆಯಲ್ಲಿ ಹರಿದು ಕಬ್ಬು ಬಂತು; 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ ಹುಟ್ಟಿತು. 1954ರಲ್ಲಿ ಇಲ್ಲಿಗೆ ಬಂದ ಅರ್ಥಶಾಸ್ತ್ರಜ್ಞೆ, ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೀನ್ ಎರಡು ಹಳ್ಳಿಗಳನ್ನು ಅಭ್ಯಾಸ ಮಾಡಿದರು. 1962ರ ಪುಸ್ತಕದಲ್ಲಿ ಅವಕ್ಕೆ ‘ವಂಗಲ’, ‘ದಲೇನ’ ಎಂಬ ಬದಲಿ ಹೆಸರುಗಳಿವೆ. ಆಕೆ ಕಂಡದ್ದು ಯಾರೂ ಎಣಿಸಿರದಂಥದು. ನಾಲೆಯ ನೀರು ಸಿಕ್ಕಿ ಹಣ ಕಂಡ ವಂಗಲದಲ್ಲಿ ಹಳೆಯ ಕಟ್ಟುಪಾಡು ಬಹುಮಟ್ಟಿಗೆ ಉಳಿದುಕೊಂಡಿತ್ತು. ನೀರು ಸಿಗದೆ ಒಣಗಿದ ದಲೇನದ ಜನರೇ ಕೆಲಸ, ವ್ಯಾಪಾರ ಹುಡುಕುತ್ತ ಪೇಟೆಯ ಕಡೆ ನಡೆದಿದ್ದರು. ಸಡಿಲವಾದದ್ದು ಆ ಊರಿನ ಕಟ್ಟು. ನೀರುಂಡ ಊರಿನಲ್ಲಿ ಹಳೆಯ ನಂಟನ್ನು ಬಿಡಬೇಕಾದ ಒತ್ತಾಯ ಇರಲಿಲ್ಲ, ಬಾಯಾರಿದ ಊರಿಗೆ ಇತ್ತು. ಮುಂದೆ 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ತೋಟಿ, ತಳವಾರ, ನೀರುಗಂಟಿ ಮೊದಲಾದ ವಂಶಪಾರಂಪರ್ಯದ ಚಾಕರಿಗಳಿಗೂ ಮಂಗಳ ಹಾಡಿತು.

ಆಯ ಬಿಟ್ಟವನು ಗಿರಾಕಿಯನ್ನು ಹುಡುಕಿದ್ದು ಹೇಗೆ? ಮೊದಲು ಜಾಗ ಬದಲಾಯಿತು. ಜಗುಲಿಯ ಮೇಲೆ ಕೂತು ತಲೆ ಬೋಳಿಸುತ್ತಿದ್ದವನು ಬಸ್ ನಿಲ್ದಾಣದ ಬಳಿ ಕನ್ನಡಿ ತೂಗುಹಾಕಿದ. ಕಮ್ಮಾರ ತನ್ನ ಕುಡುಗೋಲು, ಮಚ್ಚುಗಳನ್ನು ಸಂತೆಯಲ್ಲಿ ಹರವಿದ. ಸಂತೆಯಲ್ಲಿ ಹೆಸರಿಗಿಂತ ಮಾಲು ಮಾತಾಡುತ್ತದೆ. ಕೊಂಡವನು ಮುಂದಿನ ವಾರ ನೆಂಟನನ್ನು ಕರೆತಂದರೆ ಅದೇ ಜಾಹೀರಾತು.

ಎಲ್ಲಕ್ಕಿಂತ ಸ್ವಾರಸ್ಯದ ಉದಾಹರಣೆ ಓಲಗದವರದು. ನಾಗಸ್ವರ, ಡೋಲು ಹಿಡಿದವರಿಗೆ ಹಿಂದೆ ಊರಿನ ಮದುವೆಗಳೆಲ್ಲ ತಮ್ಮವೇ. ಮದುವೆ ಚಪ್ಪರದಿಂದ ಕಲ್ಯಾಣಮಂಟಪಕ್ಕೆ ಹೋದ ಮೇಲೆ ವೀಳ್ಯ ಕೊಡುವವರು ಯಾರು ಎಂಬುದೇ ಪ್ರಶ್ನೆಯಾಯಿತು. ಪುರೋಹಿತರು, ಅಡುಗೆಯವರು, ಶಾಮಿಯಾನದವರು, ಮಂಟಪದ ಮೇಸ್ತ್ರಿ – ಇವರಲ್ಲಿ ಒಬ್ಬರ ಬಾಯಲ್ಲಾದರೂ ಮೇಳದ ಹೆಸರು ಬರಬೇಕು. ನುಡಿಸಿದ ಮದುವೆಯಲ್ಲೇ ಮುಂದಿನ ಮದುವೆಯ ಬೀಗರು ಕೂತಿರುತ್ತಾರೆ ಎಂಬುದು ತಿಳಿದಿರುವುದರಿಂದ, ಊಟದ ಹೊತ್ತಿನಲ್ಲಿ ಯಾರೂ ಕೇಳದಿದ್ದರೂ ಒಳ್ಳೆಯ ಮೇಳ ಶ್ರುತಿ ಬಿಡುವುದಿಲ್ಲ.

ದಾರಿಯೇ ಬದಲಾದರೆ ಗಿರಾಕಿಯೂ ಬದಲಾಗುತ್ತಾನೆ. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾದಾಗ ಅದು ಮದ್ದೂರು ಪಟ್ಟಣವನ್ನು ಬಳಸಿಕೊಂಡು ಹೋಯಿತು. ಬಸ್ಸು, ಕಾರು ನಿಲ್ಲಿಸಿ ಎಳನೀರು ಕುಡಿದು ವಡೆ ಕಟ್ಟಿಸಿಕೊಳ್ಳುತ್ತಿದ್ದ ದೂರದ ಪ್ರಯಾಣಿಕರಲ್ಲಿ ಬಹಳ ಮಂದಿ ಈಗ ಪಟ್ಟಣದೊಳಕ್ಕೆ ಬರುವುದೇ ಇಲ್ಲ. ಹಳೆಯ ರಸ್ತೆಯ ಅಂಗಡಿಗಳು ಸುತ್ತಲ ಹಳ್ಳಿಗಳಿಂದ ಪೇಟೆಗೆ ಬರುವವರನ್ನು ನೋಡಿಕೊಂಡು ಬಾಗಿಲು ತೆರೆಯಬೇಕಾಗಿದೆ.