ಬುತ್ತಿಯ ಜೊತೆ ಹೋಗುವ ಪದ

ಸಂಕ್ರಾಂತಿ ಮುಗಿಯಿತೆಂದರೆ ನಮ್ಮ ಆದೋನಿ ಸೀಮೆಯ ಹಳ್ಳಿಗಳು ಬಣಗುಡತೊಡಗುತ್ತವೆ. ಮಳೆ ಕೈಕೊಟ್ಟ ವರ್ಷವಂತೂ ಕೇಳಲೇಬೇಡಿ. ಕೋಸಿಗಿ, ಕೌತಾಳಂ, ಆಲೂರು ಕಡೆಯ ಕೂಲಿಮಂದಿ ಹೆಂಡರು ಮಕ್ಕಳ ಸಮೇತ ಗುಂಟೂರಿಗೆ ಮೆಣಸಿನಕಾಯಿ ಬಿಡಿಸಾಕ ಹೋಗ್ತಾರೆ. ಕೆಲವರು ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ. ಮನೆಗೆ ಬೀಗ, ಶಾಲೆಯ ಬೆಂಚು ಖಾಲಿ, ಚರ್ಚಿನ ಚಾಪೆಯೂ ಖಾಲಿ. ಈಸ್ಟರಿಗೆ ಮುಂಚಿನ ನಲವತ್ತು ದಿನದ ಉಪವಾಸ, ತೆಲುಗಿನವರು ‘ಶ್ರಮದಿನಾಲು’ ಅನ್ನುವುದು, ಬರುವುದೂ ಇದೇ ಕಾಲಕ್ಕೆ. ಭಕ್ತಿ ಮಾಡಬೇಕಾದ ದಿನದಲ್ಲೇ ಭಕ್ತರು ಊರಲ್ಲಿಲ್ಲ.

ಹೀಗೇ ಒಂದು ವರ್ಷ ಗುಳೆ ಹೊರಟ ನೆರೆಯ ಹುಡುಗನೊಬ್ಬ ನನ್ನ ಹತ್ತಿರ ಬಂದ. “ಮಾವಾ, ಅಲ್ಲಿಗೆ ಅಯ್ಯಗಾರು ಬರಲ್ಲ, ಮೈಕು ಬರಲ್ಲ, ಕೀಬೋರ್ಡು ಬರಲ್ಲ. ಬಾಯಾಗಿನ ಪದ ಒಂದು ಬರ್ತೈತಿ. ಒಂದು ಪದ ಕಟ್ಟಿಕೊಡು” ಅಂದ. “ಯಾವ ಭಾಷೆದಾಗಪ್ಪಾ?” ಅಂದೆ. ಹುಡುಗ ತಲೆ ಕೆರಕೊಂಡ. ಅವನು ಓದಿದ್ದು ತೆಲುಗು. ಅವನ ಅವ್ವ ದೇವರ ಹತ್ತಿರ ಅಳುವುದು ಕನ್ನಡದಲ್ಲಿ.

ಎರಡು ಭಾಷೆಯ ಪ್ರಾರ್ಥನೆ

ಇದು ಇಂದಿನ ತೊಡಕಲ್ಲ. ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಬೈಬಲ್ಲಿನ ಕೆಲಸ ಹಿಡಿದರು. 1831ರ ಹೊತ್ತಿಗೆ ಬೈಬಲ್ ಪೂರ್ತಿಯಾಗಿ ಕನ್ನಡಕ್ಕೆ ಬಂತು. ಆಗ ಆದೋನಿ ಬಳ್ಳಾರಿ ಜಿಲ್ಲೆಯದೇ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆ ಕಡೆ ಹೋದವು. ಗಡಿಕಲ್ಲು ನೆಟ್ಟದ್ದು ಹೊಲದಲ್ಲಿ. ಅದು ಬಂದು ಕೂತದ್ದು ಅಜ್ಜಿ ಮೊಮ್ಮಗನ ನಡುವೆ. ಅಜ್ಜಿಯ ಕನ್ನಡ ಕೀರ್ತನೆ ಮೊಮ್ಮಗನಿಗೆ ಓದಾಕ ಬರದು.

ತೆಲುಗಿನ ಭಂಡಾರವೇನೂ ಸಣ್ಣದಲ್ಲ. ಪುರುಷೋತ್ತಮ ಚೌಧರಿಯವರು (1803–1890) ನಮ್ಮ ದೇಶದ ರಾಗ ತಾಳದಲ್ಲೇ ಕ್ರಿಸ್ತನ ಕೀರ್ತನೆಗಳನ್ನು ಕಟ್ಟಿದರು, ಇವತ್ತಿಗೂ ಹಾಡುತ್ತಾರೆ. ಅಸ್ಪೃಶ್ಯತೆಯ ನೋವುಂಡ ಮಹಾಕವಿ ಗುರ್ರಂ ಜಾಷುವಾ ಅವರ ‘ಕ್ರೀಸ್ತು ಚರಿತ್ರ’ಕ್ಕೆ 1964ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಇತ್ತ ಕನ್ನಡದಲ್ಲಿ ಗಡಿನಾಡಿನ ಇನ್ನೊಂದು ತುದಿಯಾದ ಮಂಜೇಶ್ವರದ ಗೋವಿಂದ ಪೈಗಳು ಯೇಸುವಿನ ಕಡೆಯ ದಿನವನ್ನು ‘ಗೊಲ್ಗೊಥಾ’ ಎಂಬ ಖಂಡಕಾವ್ಯ ಮಾಡಿದರು. ಅವರು ಕ್ರೈಸ್ತರಲ್ಲ. ಕವಿಗೆ ಇನ್ನೊಬ್ಬರ ದೇವರ ನೋವೂ ತನ್ನದೇ ಅನ್ನಿಸುತ್ತದೆ.

ಹೊಸ್ತಿಲಾಚೆಯ ಹಲಿಗೆ

ಹುಡುಗನಿಗೆ ಪದದ ಜೊತೆ ಹಲಿಗೆಯೂ ಬೇಕಾಗಿತ್ತು. ಅಲ್ಲಿ ಜಗಳ ಶುರುವಾಯಿತು. ಹಲಿಗೆ ಜಾತ್ರೆಯದು, ಸಾವಿನದು, ಬಲಿಯದು ಎಂದು ಎಷ್ಟೋ ಚರ್ಚುಗಳಲ್ಲಿ ಅದು ಹೊಸ್ತಿಲಾಚೆಯೇ ಉಳಿದಿದೆ. ಹಿರಿಯನೊಬ್ಬ ಸಿಟ್ಟಾದ: “ಗೌಡರ ಮನಿ ಮುಂದೆ ಬಡಿದು ಬಡಿದು ನಮ್ಮಪ್ಪನ ಕೈ ಸವೆದೈತಿ. ಅದನ್ನು ಬಿಡಾಕಂತಲೇ ನಾವು ಇಲ್ಲಿಗೆ ಬಂದಿವಿ.” ಈ ಮಾತನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಆದರೆ ತಮಿಳುನಾಡಿನ ಮಧುರೆಯಲ್ಲಿ ದೇವಶಾಸ್ತ್ರ ಕಲಿಸುತ್ತಿದ್ದ ಥಿಯೋಫಿಲಸ್ ಅಪ್ಪಾವು ಅವರು ಬೇರೆ ದಾರಿ ಹಿಡಿದರು. ಪರೈ ವಾದ್ಯವನ್ನೂ ಹಳ್ಳಿಯ ಧಾಟಿಯನ್ನೂ ಆರಾಧನೆಯೊಳಗೆ ತಂದರು. ‘ಒಂದೇ ಒಲೆ’ ಎಂಬಂತೆ ಎಲ್ಲರೂ ಕೂಡಿ ಅಡಿಗೆ ಮಾಡಿ ಉಣ್ಣುವುದೇ ಸಭೆ ಅಂದರು. ಹೇಳಿದವನಿಗಾಗಿ ಬಡಿದರೆ ಅದು ಬಿಟ್ಟಿ ಚಾಕರಿ. ನನಗಾಗಿ, ನನ್ನ ದೇವರಿಗಾಗಿ ಬಡಿದರೆ ಅದು ಬಿಡುಗಡೆ. ತೀರ್ಮಾನ ಮಾತ್ರ ಬಡಿಯುವ ಕೈಯದೇ ಆಗಬೇಕು.

ಹಾಗೆ ನೋಡಿದರೆ ಮೊದಲಿನ ಶಿಷ್ಯರಿಗೆ ಕಟ್ಟಡವೆಲ್ಲಿತ್ತು? ಮನೆಮನೆಯಲ್ಲಿ ಕೂಡಿ ರೊಟ್ಟಿ ಮುರಿದು ಹಂಚಿ ತಿಂದರು. ಬೈಬಲ್ಲಿನ ಕೀರ್ತನೆಗಳಲ್ಲಿ 120ರಿಂದ 134ರವರೆಗಿನ ಹದಿನೈದು ಯಾತ್ರೆಯ ಹಾಡುಗಳು. ಜೆರುಸಲೇಮಿಗೆ ನಡೆಯುತ್ತಾ ಹಾಡಿದವು ಎನ್ನುತ್ತಾರೆ ಬಲ್ಲವರು. ನಮ್ಮ ಮಂದಿಯೂ ದಾರಿಯ ಮೇಲಿನವರೇ. ಅಡಿಗೆಗೆ ಮುಂಚೆ ದೇವರಿಗೆಂದು ಒಂದು ಹಿಡಿ ಅಕ್ಕಿಯನ್ನೋ ಜೋಳವನ್ನೋ ತೆಗೆದಿಡುವ ರೂಢಿ ಹೆಣ್ಣುಮಕ್ಕಳಲ್ಲಿದೆ. ಆ ಹಿಡಿಕಾಳು ಗುಂಟೂರಿನ ಗುಡಿಸಲಲ್ಲೂ ಕೂಡಿಡಬಹುದು. ಹತ್ತು ಮನೆಯವರ ಹಿಡಿ ಕೂಡಿದರೆ ಜ್ವರ ಬಂದು ಕೂಲಿ ತಪ್ಪಿದವಳ ಒಲೆ ಉರಿಯುತ್ತದೆ. ದೊಡ್ಡ ಸಭೆ ಸೇರಿಸಿ ಮೈಕಿನಲ್ಲಿ ಕೂಗಿದರೆ ಎಬ್ಬಿಸಲಾಗದ ನಂಬಿಕೆ ಈ ಒಲೆಯ ಮುಂದೆ ತಾನೇ ಎದ್ದು ಕೂರುತ್ತದೆ.

ಕಡೆಗೆ ಪದ ಕಟ್ಟಿದೆ. ಪಲ್ಲವಿ ಕನ್ನಡ, ಚರಣ ತೆಲುಗು. ಅವ್ವ ಎತ್ತಿಕೊಡಬೇಕು, ಮಗ ಮುಂದುವರಿಸಬೇಕು. ಅದೇನು ದೊಡ್ಡ ಕಾವ್ಯವಲ್ಲ. ಯುಗಾದಿ ದಾಟಿ ಊರಿಗೆ ಬಂದ ಹುಡುಗ ಹೇಳಿದ: “ಮಾವಾ, ನಿನ್ನ ಎರಡನೇ ಚರಣ ಬಿಟ್ಟುಬಿಟ್ಟಿವಿ. ಮೆಣಸಿನಕಾಯಿ ಘಾಟಿಗೆ ಕೆಮ್ಮೋದನ್ನು ಅವ್ವನೇ ಸೇರಿಸ್ಯಾಳ.” ನನಗೆ ಅದಕ್ಕಿಂತ ದೊಡ್ಡ ಸನ್ಮಾನ ಬೇಡ. ಬರಕೊಟ್ಟ ಪದ ಅವರದಾಗಿತ್ತು. ಹಲಿಗೆ ಮಾತ್ರ ಇನ್ನೂ ಹೊಸ್ತಿಲ ಮೇಲೇ ಐತಿ.