ಗೋಡೆಯಿಲ್ಲದ ಕೋಣೆಗಳು

ಮನೆ ಕಟ್ಟಿಸಹೊರಟವರು ಮೊದಲು ಯೋಚಿಸುವುದು ಕೋಣೆಗಳ ವಿಚಾರವನ್ನು. ಬಂದವರನ್ನು ಕುಳ್ಳಿರಿಸಲು ಪಡಸಾಲೆ, ಬೇಯಿಸಲು ಅಡುಗೆಮನೆ, ದೇವರಿಗೊಂದು ಮೂಲೆ, ಮಕ್ಕಳ ಓದಿಗೊಂದು ಕೊಠಡಿ—ಹೀಗೆ ಒಂದೊಂದು ಕೆಲಸಕ್ಕೆ ಒಂದೊಂದು ಸ್ಥಳವನ್ನು ಗೊತ್ತುಮಾಡಿಕೊಳ್ಳುತ್ತಾರೆ. ಇದರಿಂದ ಎರಡು ಪ್ರಯೋಜನಗಳುಂಟು. ಬೇಕಾದ ಪದಾರ್ಥ ಬೇಕಾದಲ್ಲಿ ಸಿಕ್ಕುವುದೆಂಬುದು ಒಂದು. ಒಳಮನೆಯ ಮಾತು ಪಡಸಾಲೆಗೆ ಬಾರದೆಂಬುದು ಇನ್ನೊಂದು. ಮೊದಲನೆಯದು ಅನುಕೂಲ, ಎರಡನೆಯದು ಮರ್ಯಾದೆ.

ಈಗ ನಮ್ಮ ಮನೆಗಳ ಮೇಜಿನ ಮೇಲೆ ಬಂದು ಕುಳಿತಿರುವ ಕಂಪ್ಯೂಟರಿನೊಳಗೂ ಇಂತಹ ಕೋಣೆಗಳುಂಟೆಂಬುದನ್ನು ವಾಚಕರಲ್ಲಿ ಕೆಲವರಾದರೂ ಬಲ್ಲರು. ವರ್ಚುವಲ್ ಡೆಸ್ಕ್‌ಟಾಪ್ ಎಂದೂ ವರ್ಕ್‌ಸ್ಪೇಸ್ ಎಂದೂ ಅವಕ್ಕೆ ಹೆಸರು. ಇರುವ ತೆರೆ ಒಂದೇ ಆದರೂ ಒಂದು ಕೀಲಿಯನ್ನು ಒತ್ತಿದೊಡನೆ ಅದರ ಮೇಲಿದ್ದ ವಿಂಡೋಗಳೆಲ್ಲ ಸರಿದುಹೋಗಿ ಬೇರೊಂದು ಗುಂಪು ಎದುರಿಗೆ ಬರುತ್ತದೆ. ಒಂದರಲ್ಲಿ ಕಚೇರಿಯ ಕೆಲಸ, ಇನ್ನೊಂದರಲ್ಲಿ ಮನೆಯ ಲೆಕ್ಕ, ಮತ್ತೊಂದರಲ್ಲಿ ಸಂಗೀತ. ಬಹಳ ಸೊಗಸಾದ ಏರ್ಪಾಟು. ಆದರೆ ಈ ಕೋಣೆಗಳನ್ನು ಕೋಣೆಗಳೆಂದೇ ನಂಬಿ ನಾನು ಒಬ್ಬ ಹುಡುಗನಿಗೆ ಮಾಡಿದ ಅಪಚಾರವೇ ಈ ಲೇಖನಕ್ಕೆ ಕಾರಣ.

2021ರ ಜೂನ್ ತಿಂಗಳು. ಕೊರೋನಾ ಎರಡನೆಯ ಸಲ ಎರಗಿ ಕಾಲೇಜುಗಳ ಬಾಗಿಲು ಮುಚ್ಚಿದ್ದ ಕಾಲ. ನಾನು ಮನೆಯಲ್ಲಿಯೇ ಕುಳಿತು ಕಂಪ್ಯೂಟರಿನ ಮುಖಾಂತರ ಅರವತ್ತು ಮಂದಿ ವಿದ್ಯಾರ್ಥಿಗಳಿಗೆ ಹಳಗನ್ನಡವನ್ನು ಪಾಠ ಹೇಳುತ್ತಿದ್ದೆನು. ನನ್ನ ತೆರೆಯ ಮೇಲಿರುವುದೆಲ್ಲ ಅವರ ಫೋನುಗಳಲ್ಲಿಯೂ ಕಾಣುವಂತೆ ಮಾಡಿದ್ದೆನು. ಮೊದಲನೆಯ ಕೋಣೆಯಲ್ಲಿ ಪಾಠದ ಟಿಪ್ಪಣಿಗಳನ್ನು ಇಟ್ಟಿದ್ದೆನು; ಎರಡನೆಯದರಲ್ಲಿ ಅಂಕಪಟ್ಟಿಗಳೂ ಪತ್ರಗಳೂ ಇದ್ದುವು. ವಿದ್ಯಾರ್ಥಿನಿಯೊಬ್ಬಳು ಒಂದು ಪದದ ಅರ್ಥವನ್ನು ಕೇಳಿದಳು. ಪದಾರ್ಥಗಳ ಪಟ್ಟಿಯನ್ನು ತೆರೆಯೋಣವೆಂದು ಬರವಣಿಗೆಯ ತಂತ್ರಾಂಶದ ಚಿತ್ರವನ್ನು ಒತ್ತಿ, ಅದು ತೆರೆದುಕೊಳ್ಳುವವರೆಗೆ ಪುಸ್ತಕದ ಕಡೆ ತಲೆ ಬಗ್ಗಿಸಿದೆನು.

ತಲೆ ಎತ್ತಿದಾಗ ತೆರೆಯ ಮೇಲಿದ್ದುದು ಪದಗಳ ಪಟ್ಟಿಯಲ್ಲ. ಅದೇ ತರಗತಿಯ ಹುಡುಗನೊಬ್ಬನ ಪತ್ರ. ತಂದೆ ಕೆಲಸ ಮಾಡುತ್ತಿದ್ದ ಹೋಟೆಲು ಮುಚ್ಚಿಹೋಗಿದೆ, ಮನೆಯಲ್ಲಿ ಬಾಡಿಗೆ ಕಟ್ಟುವುದಕ್ಕೂ ಇಲ್ಲ, ಪರೀಕ್ಷಾ ಶುಲ್ಕಕ್ಕೆ ಎರಡು ತಿಂಗಳ ಅವಕಾಶ ಕೊಡಿಸಬೇಕು, ದಯವಿಟ್ಟು ಯಾರಿಗೂ ತಿಳಿಸಬೇಡಿ—ಇಷ್ಟು ಅದರಲ್ಲಿದ್ದಿತು. ಕೆಳಗೆ ಅವನ ಹೆಸರು. ನಾನು ತಡವರಿಸಿ ಅದನ್ನು ಮುಚ್ಚುವಷ್ಟರಲ್ಲಿ ಅರ್ಧ ನಿಮಿಷವಾದರೂ ಕಳೆದಿರಬೇಕು. ಅರವತ್ತು ಮಂದಿಯಲ್ಲಿ ಒಬ್ಬರೂ ಮಾತನಾಡಲಿಲ್ಲ. ಆ ಮೌನವೇ ಎಲ್ಲರೂ ಓದಿದರೆಂಬುದಕ್ಕೆ ಸಾಕ್ಷಿಯಾಗಿದ್ದಿತು.

ಅಂದು ರಾತ್ರಿ ಊಟಕ್ಕೆ ಕುಳಿತಾಗ ನಡೆದುದನ್ನು ಅಮ್ಮನಿಗೆ ಹೇಳಿದೆನು. ಕಂಪ್ಯೂಟರಿನ ಗಂಧವಿಲ್ಲದ ಆಕೆ, “ಗೋಡೆಯೇ ಇಲ್ಲ ಅಂತೀಯ, ಅದನ್ನ ಕೋಣೆ ಅಂತ ಹೇಗೆ ನಂಬಿದೆಯೋ?” ಎಂದರು. ಆ ಪ್ರಶ್ನೆಗೆ ಉತ್ತರವನ್ನು ಹುಡುಕಿಕೊಂಡು ನಾನು ನನ್ನ ವಿಷಯವಲ್ಲದ ಗ್ರಂಥಗಳನ್ನು ಓದಬೇಕಾಯಿತು.

ಕೋಣೆಗಳು ಹುಟ್ಟಿದ ಬಗೆ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಪಾಲೊ ಆಲ್ಟೊ ಎಂಬ ಊರಿದೆ. ನಾವು ಕಾಗದದ ನಕಲು ತೆಗೆಸುವಾಗಲೆಲ್ಲ ಯಾರ ಹೆಸರನ್ನು ಹೇಳುತ್ತೇವೆಯೋ ಆ ಝೆರಾಕ್ಸ್ ಕಂಪನಿ 1970ರಲ್ಲಿ ಅಲ್ಲಿ ಒಂದು ಸಂಶೋಧನಾ ಕೇಂದ್ರವನ್ನು ತೆರೆಯಿತು. ಮೇಜಿನ ಮೇಲೆ ಕಾಗದಗಳನ್ನು ಹರಡಿದಂತೆ ತೆರೆಯ ಮೇಲೆ ಒಂದರ ಮೇಲೊಂದು ವಿಂಡೋಗಳನ್ನು ಹರಡುವ ಪದ್ಧತಿ ಆ ದಶಕದಲ್ಲಿ ಅಲನ್ ಕೇ ಮತ್ತು ಅವರ ಸಂಗಡಿಗರ ಕೈಯಲ್ಲಿ ಅಲ್ಲಿಯೇ ರೂಪುಗೊಂಡಿತು. ಆದರೆ ಮೇಜು ಚಿಕ್ಕದು, ಕಾಗದಗಳು ಬಹಳ. ಬೇಕಾದುದು ಯಾವಾಗಲೂ ಅಡಿಯಲ್ಲಿಯೇ ಇರುವುದು ಲೋಕದ ನಿಯಮವಷ್ಟೆ!

ಅದೇ ಕೇಂದ್ರದ ಆಸ್ಟಿನ್ ಹೆಂಡರ್ಸನ್ ಮತ್ತು ಸ್ಟುವರ್ಟ್ ಕಾರ್ಡ್ ಎಂಬುವರು ಈ ತೊಂದರೆಯನ್ನು ಶಾಸ್ತ್ರೀಯವಾಗಿ ವಿಚಾರಿಸಿ 1986ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಮನುಷ್ಯನು ವಿಂಡೋಗಳನ್ನು ಒಂದೊಂದಾಗಿ ಬಳಸುವುದಿಲ್ಲ, ಒಂದು ಕೆಲಸಕ್ಕೆ ಬೇಕಾದ ನಾಲ್ಕಾರನ್ನು ಒಟ್ಟಾಗಿ ಬಳಸುತ್ತಾನೆ ಎಂಬುದನ್ನು ಅವರು ಗಮನಿಸಿದರು. ಕೆಲಸ ಬದಲಾದೊಡನೆ ಒಂದು ಗುಂಪನ್ನು ಸರಿಸಿ ಇನ್ನೊಂದನ್ನು ಎಳೆದುಕೊಳ್ಳಬೇಕು. ಇಂತಹುದೇ ಪೇಚು ಯಂತ್ರದ ಸ್ಮರಣೆಯ ವಿಷಯದಲ್ಲಿ ಹಿಂದೆಯೇ ಕಂಡುಬಂದಿದ್ದಿತು. ಒಂದು ಕೆಲಸಕ್ಕೆ ಆಯಾ ಹೊತ್ತಿಗೆ ಬೇಕಾದುದನ್ನೆಲ್ಲ ಒಟ್ಟಾಗಿ ಕೈಗೆಟಕುವಂತೆ ಇರಿಸಬೇಕು, ಇಲ್ಲವಾದರೆ ಯಂತ್ರವು ತಂದಿಡುವುದರಲ್ಲಿಯೇ ದಣಿಯುವುದೆಂದು ಪೀಟರ್ ಡೆನ್ನಿಂಗ್ 1968ರಲ್ಲಿ ನಿರೂಪಿಸಿದ್ದರು. ಇಂತಹ ದಣಿವು ತೆರೆಯ ಮುಂದೆ ಕುಳಿತ ಮನುಷ್ಯನಿಗೂ ಉಂಟೆಂದು ಹೆಂಡರ್ಸನ್ ಮತ್ತು ಕಾರ್ಡ್ ತೋರಿಸಿಕೊಟ್ಟರು.

ಅವರು ರಚಿಸಿದ ವ್ಯವಸ್ಥೆಯ ಹೆಸರೇ ‘ರೂಮ್ಸ್’, ಎಂದರೆ ಕೋಣೆಗಳು. ಒಂದು ಕೆಲಸಕ್ಕೆ ಒಂದು ಕೋಣೆ. ಕೋಣೆಯಿಂದ ಕೋಣೆಗೆ ಹೋಗಲು ತೆರೆಯ ಮೇಲೆಯೇ ಬಾಗಿಲುಗಳು. ಎಲ್ಲ ಕೋಣೆಗಳನ್ನೂ ಪುಟ್ಟದಾಗಿ ಒಟ್ಟಿಗೆ ತೋರಿಸುವ ಒಂದು ನೋಟ. ಇಷ್ಟಲ್ಲದೆ ಜೇಬು ಎಂಬುದೂ ಇದ್ದಿತು. ಅದರಲ್ಲಿ ಹಾಕಿದ ವಿಂಡೋ, ನಮ್ಮ ಅಜ್ಜಿಯರ ಸೊಂಟದ ಎಲೆಯಡಿಕೆ ಚೀಲದಂತೆ, ಯಾವ ಕೋಣೆಗೆ ಹೋದರೂ ಜೊತೆಯಲ್ಲಿಯೇ ಇರುತ್ತಿದ್ದಿತು. ಮುಂದೆ ಈ ಬಗೆಯ ಏರ್ಪಾಟು ಬೇರೆ ಬೇರೆ ರೂಪಗಳಲ್ಲಿ ಹರಡಿ, 2007ರಲ್ಲಿ ಆ್ಯಪಲ್ ಕಂಪನಿಯ ಮ್ಯಾಕ್ ಯಂತ್ರಗಳಿಗೂ 2015ರಲ್ಲಿ ವಿಂಡೋಸ್ 10ರ ಜೊತೆಯಲ್ಲಿ ಜನಸಾಮಾನ್ಯರ ಮನೆಗಳಿಗೂ ಬಂದಿತು.

ಚೀಟಿಯ ಮೇಲಿನ ಅಂಕಿ

ಇಷ್ಟಾದರೂ ಅಮ್ಮನ ಪ್ರಶ್ನೆ ಹಾಗೆಯೇ ಉಳಿಯಿತು. ಗೋಡೆ ಎಲ್ಲಿದೆ? ಎಲ್ಲಿಯೂ ಇಲ್ಲ. ನಾಟಕದ ಕಂಪನಿಗಳಲ್ಲಿ ರಂಗ ಒಂದೇ. ಅರಮನೆಯ ಪರದೆ ಇಳಿದರೆ ಅರಮನೆ, ಕಾಡಿನ ಪರದೆ ಇಳಿದರೆ ಕಾಡು. ಇದೂ ಹಾಗೆಯೇ. ವಿಂಡೋಗಳೆಲ್ಲ ಇರುವುದು ಒಂದೇ ಕಡೆ. ಪ್ರತಿಯೊಂದಕ್ಕೂ ಕೋಣೆಯ ಅಂಕಿಯನ್ನು ಬರೆದ ಚೀಟಿಯೊಂದನ್ನು ಅಂಟಿಸಿರುತ್ತದೆಯೆಂದು ತಿಳಿಯಬಹುದು. ಸದ್ಯ ನಾವಿರುವ ಕೋಣೆಯ ಅಂಕಿ ಯಾವುದೋ ಆ ಅಂಕಿಯ ವಿಂಡೋಗಳನ್ನು ತೋರಿಸಿ ಮಿಕ್ಕವನ್ನು ಮರೆಮಾಡುವುದೇ ಇಡೀ ಇಂದ್ರಜಾಲ.

ಈ ಕೆಲಸವನ್ನು ಮಾಡುವ ತಂತ್ರಾಂಶಕ್ಕೆ ವಿಂಡೋ ಮ್ಯಾನೇಜರ್ ಎಂದು ಹೆಸರು. ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ 1984ರಲ್ಲಿ ಆರಂಭವಾದ ಎಕ್ಸ್ ವಿಂಡೋ ಪದ್ಧತಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಲಿನಕ್ಸ್ ಯಂತ್ರಗಳಲ್ಲಿ ಬಹುಕಾಲ ನಡೆದುಬಂದುದು ಅದೇ. ಅಲ್ಲಿ ಕೋಣೆಗಳ ಎಣಿಕೆ ಒಂದರಿಂದಲ್ಲ, ಸೊನ್ನೆಯಿಂದ. ಚೀಟಿಯ ಮೇಲೆ 4294967295 ಎಂಬ ಅಂಕಿಯಿದ್ದರೆ ಆ ವಿಂಡೋ ಎಲ್ಲ ಕೋಣೆಗಳಲ್ಲಿಯೂ ಕಾಣತಕ್ಕದ್ದೆಂದು ಅರ್ಥ. ಇದೇ ಹಿಂದೆ ಹೇಳಿದ ಜೇಬು! ಇಂತಹ ಒಡಂಬಡಿಕೆಗಳನ್ನು ಬರೆದಿಡಬೇಕಾದುದಕ್ಕೆ ಕಾರಣವುಂಟು. ಬರವಣಿಗೆಯ ತಂತ್ರಾಂಶವನ್ನು ರಚಿಸುವವರು ಒಬ್ಬರು, ವಿಂಡೋಗಳನ್ನು ಆಳುವುದನ್ನು ರಚಿಸುವವರು ಇನ್ನೊಬ್ಬರು. ಪರಸ್ಪರ ಮುಖವನ್ನೇ ಕಾಣದವರು. ಒಡಂಬಡಿಕೆಯನ್ನು ಒಬ್ಬರು ಒಂದು ರೀತಿಯಲ್ಲಿ, ಮತ್ತೊಬ್ಬರು ಇನ್ನೊಂದು ರೀತಿಯಲ್ಲಿ ಓದಿಕೊಂಡರೆ ಬಳಸುವವನ ಪಾಡು ಕೇಳಬೇಕೆ?

ಕೋಣೆ ಕೆಡುವ ಪರಿ

ಮೊದಲನೆಯದಾಗಿ, ಮುಚ್ಚಹೊರಟ ಕಡತದಿಂದ “ಉಳಿಸಬೇಕೆ?” ಎಂದು ಕೇಳುವ ಪುಟ್ಟ ವಿಂಡೋ ಹುಟ್ಟುವುದನ್ನು ವಾಚಕರು ನೋಡಿರಬಹುದು. ಈ ಕೂಸು ಯಾವ ತಾಯಿಯದೆಂದು ತಂತ್ರಾಂಶವು ತಿಳಿಸಬೇಕು. ತಿಳಿಸದಿದ್ದರೆ ಅದು ಹುಟ್ಟಿದ ಹೊತ್ತಿಗೆ ನಾವು ಯಾವ ಕೋಣೆಯಲ್ಲಿರುವೆವೋ ಅಲ್ಲಿ ಬಂದು ನಿಲ್ಲಬಹುದು. ತಾಯಿಯಿರುವ ಕೋಣೆಗೆ ಹಿಂದಿರುಗಿದವನಿಗೆ ಅದು ಕಾಣದು. ಉತ್ತರ ಸಿಕ್ಕದೆ ತಾಯಿ ಅಲುಗಾಡದು. ಯಂತ್ರ ಕೆಟ್ಟಿತೆಂದು ಗುಂಡಿಯೊತ್ತಿ ಆರಿಸಿದರೆ ದಿನವಿಡೀ ಬರೆದುದು ಮಣ್ಣುಪಾಲು.

ಎರಡನೆಯದಾಗಿ, ಎರಡು ತೆರೆಗಳನ್ನು ಜೋಡಿಸಿಕೊಂಡವರು ಒಂದರ ತಂತಿಯನ್ನು ಕಿತ್ತರೆ ಅದರ ಮೇಲಿದ್ದುದೆಲ್ಲ ಉಳಿದ ತೆರೆಗೆ ಬಂದು ಬೀಳುತ್ತದೆ. ತಂತಿಯನ್ನು ಮತ್ತೆ ಜೋಡಿಸಿದಾಗ ಎಲ್ಲವೂ ತಮ್ಮ ತಮ್ಮ ಸ್ಥಾನಕ್ಕೆ ಹಿಂದಿರುಗುವುವೆಂಬ ಭರವಸೆಯಿಲ್ಲ. ಮೂರನೆಯದಾಗಿ, ಮ್ಯಾಕ್ ಯಂತ್ರಗಳಲ್ಲಿ ಇತ್ತೀಚೆಗೆ ಬಳಸಿದ ಕೋಣೆಯನ್ನು ಮುಂದಕ್ಕೆ ತರುವ ಆಯ್ಕೆಯೊಂದುಂಟು. ಉಪಕಾರಕ್ಕೆಂದೇ ಮಾಡಿದುದು, ಆದರೆ ಉಗ್ರಾಣ ಬಲಗಡೆಯೆಂದು ಕಾಲಿಗೆ ರೂಢಿಯಾದವನಿಗೆ ಬೆಳಗಾಗುವಷ್ಟರಲ್ಲಿ ಅದು ಎಡಗಡೆಗೆ ಹೋಗಿದ್ದರೆ ಹೇಗಾದೀತು? ಬೇಡವೆನಿಸಿದರೆ ಆ ಆಯ್ಕೆಯನ್ನು ತೆಗೆದುಹಾಕಬಹುದು.

ಕೊನೆಯದು ನನಗೆ ಒದಗಿದುದು. ನಾನು ಕೋಣೆಗಳನ್ನು ಕೆಲಸಕ್ಕೆ ತಕ್ಕಂತೆ ವಿಂಗಡಿಸಿದ್ದೆನು. ಆದರೆ ಗುಂಡಿಯನ್ನು ಒತ್ತಿದಾಗ ಕರೆದುದು ಕೆಲಸವನ್ನಲ್ಲ, ತಂತ್ರಾಂಶವನ್ನು. ಆ ತಂತ್ರಾಂಶದ ವಿಂಡೋ ಒಂದು ಆಗಲೇ ಎರಡನೆಯ ಕೋಣೆಯಲ್ಲಿ ತೆರೆದಿದ್ದಿತು. ಯಂತ್ರವು ಹೊಸದನ್ನು ತೆರೆಯದೆ, ವಿನಯದಿಂದ, ಅದು ಇರುವಲ್ಲಿಗೆ ನನ್ನನ್ನೇ ಕರೆದುಕೊಂಡು ಹೋಯಿತು. ಹೀಗೆ ನಡೆದುಕೊಳ್ಳುವ ವ್ಯವಸ್ಥೆಗಳು ಹಲವು. ಅದಕ್ಕೆ ನ್ಯಾಯವೂ ಉಂಟು. ಹಾಗೆ ಮಾಡದಿದ್ದರೆ, “ಒತ್ತಿದೆ, ಏನೂ ಆಗಲಿಲ್ಲ” ಎಂದು ದೂರುವವರೂ ನಾವೇ. ಮನುಷ್ಯನು ಕೆಲಸದ ಲೆಕ್ಕದಲ್ಲಿ ಯೋಚಿಸುತ್ತಾನೆ, ಯಂತ್ರವು ತಂತ್ರಾಂಶದ ಲೆಕ್ಕದಲ್ಲಿ. ಇವೆರಡರ ನಡುವಿನ ಬಿರುಕಿನಲ್ಲಿ ಆ ಹುಡುಗನ ಮಾನ ಜಾರಿಬಿದ್ದಿತು.

ಗೋಡೆ ಬೇಕಾದವರಿಗೆ

ಯಂತ್ರಲೋಕದಲ್ಲಿಯೂ ನಯವಿಲ್ಲವೆಂದಲ್ಲ. ಎಕ್ಸ್ ಪದ್ಧತಿಯ ಒಡಂಬಡಿಕೆಗಳಲ್ಲಿ ಒಂದು ಮೆಚ್ಚತಕ್ಕ ಏರ್ಪಾಟುಂಟು. ಮುಂದಕ್ಕೆ ಬರಬಯಸುವ ವಿಂಡೋ ತನ್ನ ಕೋರಿಕೆಯ ಜೊತೆಗೆ ವೇಳೆಯನ್ನೂ ತಿಳಿಸಬೇಕು. ಆ ವೇಳೆಯ ಅನಂತರ ಮನುಷ್ಯನು ಬೇರೆ ಕೆಲಸಕ್ಕೆ ಕೈಹಾಕಿದ್ದರೆ ವಿಂಡೋ ಮ್ಯಾನೇಜರ್ ಅದನ್ನು ಮುಂದಕ್ಕೆ ಬಿಡದೆ, ‘ಯಾರೋ ಕಾದಿದ್ದಾರೆ’ ಎಂಬ ಗುರುತನ್ನು ಮಾತ್ರ ತೋರಿಸಬಹುದು. ಬಾಗಿಲು ತಟ್ಟಿ ನಿಲ್ಲುವ ಮರ್ಯಾದೆಯಿದು. ಆದರೆ ನನ್ನ ವಿಷಯದಲ್ಲಿ ಇದೂ ಕಾಪಾಡುತ್ತಿರಲಿಲ್ಲ. ಗುಂಡಿಯನ್ನು ಒತ್ತಿದವನು ನಾನೇ ಅಲ್ಲವೆ?

ಆದುದರಿಂದ ಇತರರಿಗೆ ತೆರೆಯನ್ನು ತೋರಿಸುವವರು ಇಡೀ ತೆರೆಯನ್ನು ತೋರಿಸದೆ ಬೇಕಾದ ಒಂದು ವಿಂಡೋವನ್ನು ಮಾತ್ರ ತೋರಿಸುವುದು ಒಳ್ಳೆಯದು. ಅನ್ಯರ ಪತ್ರಗಳನ್ನೂ ಬ್ಯಾಂಕಿನ ಲೆಕ್ಕವನ್ನೂ ಆಗ ತೆರೆದಿಟ್ಟಿರಲೇಬಾರದು. ನಿಜವಾದ ಗೋಡೆಯೇ ಬೇಕಾದರೆ ಅದೇ ಯಂತ್ರದಲ್ಲಿ ಬೇರೆಯ ಹೆಸರಿನ, ಬೇರೆಯ ಗುಪ್ತಪದದ ಖಾತೆಯೊಂದನ್ನು ಮಾಡಿಕೊಳ್ಳಬಹುದು. ಒಂದು ಖಾತೆಯ ವಿಂಡೋ ಇನ್ನೊಂದರಲ್ಲಿ ತಲೆಯೆತ್ತದು. ಖಾತೆ ಎಂದರೆ ಗೋಡೆ. ವರ್ಕ್‌ಸ್ಪೇಸ್ ಎಂದರೆ ಪರದೆ. ಪರದೆಯಿಂದ ಅನುಕೂಲ ಬಹಳ. ಆದರೆ ಅದರ ಹಿಂದೆ ಇನ್ನೊಬ್ಬರ ಗುಟ್ಟನ್ನು ಇಡಲಾಗದು.

ಮರುದಿನವೇ ಆ ಹುಡುಗನಿಗೆ ಫೋನ್ ಮಾಡಿ ಕ್ಷಮೆ ಬೇಡಿದೆನು. “ಪರವಾಗಿಲ್ಲ ಬಿಡಿ, ಸರ್” ಎಂದನು. ಅವನ ಸಹಪಾಠಿಗಳಾರೂ ಆ ಮಾತನ್ನು ಎತ್ತಲಿಲ್ಲವೆಂದು ಆಮೇಲೆ ತಿಳಿಯಿತು. ಆ ಮಕ್ಕಳಲ್ಲಿ ನನಗೆ ಗೌರವವುಂಟಾಯಿತು. ಶುಲ್ಕದ ಅವಕಾಶವೂ ದೊರೆಯಿತು. ಆದರೆ ತರಗತಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಪದ್ಯಗಳನ್ನು ಓದುತ್ತಿದ್ದ ಅವನು ಆ ಬಳಿಕ ಓದಲು ದನಿಯೆತ್ತಲಿಲ್ಲ.

ಕಾಲೇಜು ಮತ್ತೆ ತೆರೆದ ವಾರದಲ್ಲಿ, ಒಂದು ಮಧ್ಯಾಹ್ನ, ನಾನು ಅಧ್ಯಾಪಕರ ಕೊಠಡಿಯಲ್ಲಿ ಒಬ್ಬನೇ ಕುಳಿತಿದ್ದೆನು. ಬಾಗಿಲು ತೆರೆದೇ ಇದ್ದಿತು. ಆದರೂ ಯಾರೋ ಮೆಲ್ಲಗೆ ತಟ್ಟಿದರು.

“ಒಳಗೆ ಬರಬಹುದೆ, ಸರ್?”

ಕೈಯಲ್ಲಿ ಮಡಿಸಿದ ಕಾಗದವೊಂದನ್ನು ಹಿಡಿದುಕೊಂಡು ಆ ಹುಡುಗನೇ ನಿಂತಿದ್ದನು. “ಬಾರಪ್ಪ” ಎಂದು ಎದ್ದುಹೋಗಿ, ಅವನು ಒಳಗೆ ಬಂದ ಮೇಲೆ ಬಾಗಿಲನ್ನು ಮುಚ್ಚಿದೆನು.